ವ್ಯಸನ, ಮಿದುಳು ಮತ್ತು ಮನೆ

‘ಮನಸ್ಸು ಮಾಡಿದರೆ ಬಿಡಬಹುದು, ಅವನಿಗೆ ಮನಸ್ಸಿಲ್ಲ ಅಷ್ಟೆ.’ ಕುಡಿತಕ್ಕೋ ಗಾಂಜಾಕ್ಕೋ ನೋವಿನ ಮಾತ್ರೆಗೋ ದಾಸರಾದವರ ಬಗ್ಗೆ ಈ ಮಾತನ್ನು ನೀವು ಕೇಳಿರುತ್ತೀರಿ. ಬಹುಶಃ ಆಡಿಯೂ ಇರುತ್ತೀರಿ. ಈ ಮಾತಿನ ಹಿಂದೆ ಎರಡು ಊಹೆಗಳಿವೆ. ಒಂದು, ವ್ಯಸನವೆಂಬುದು ಸಂಕಲ್ಪಬಲದ ಕೊರತೆ ಮಾತ್ರ. ಎರಡು, ಬೈದು, ಹೊಡೆದು, ನಾಲ್ಕು ಜನರ ಮುಂದೆ ನಾಚಿಕೆಪಡಿಸಿದರೆ ಆ ಬಲ ತಾನಾಗಿ ಬರುತ್ತದೆ. ವಿಜ್ಞಾನ ಓದುವವರೂ ಕಲಿಸುವವರೂ ಆದ ನಾವು ಯಾವ ಊಹೆಯನ್ನೂ ಪ್ರಯೋಗ ಮತ್ತು ವೀಕ್ಷಣೆಯ ಒರೆಗೆ ಹಚ್ಚದೆ ಒಪ್ಪಬಾರದು. ಈ ಎರಡನ್ನೂ ಹಾಗೆಯೇ ಪರಿಶೀಲಿಸೋಣ.

ನಮ್ಮ ಕಣ್ಣ ಮುಂದೆ ಒಂದು ಪ್ರದೇಶವನ್ನು ಇಟ್ಟುಕೊಳ್ಳೋಣ: ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳು. ಮಳೆಯನ್ನು ನಂಬಿದ ಜೋಳ, ಮೆಕ್ಕೆಜೋಳ, ಶೇಂಗಾ ಬೆಳೆಗಳ ನಾಡು. ಮಳೆ ಕೈಕೊಟ್ಟ ವರ್ಷ ಇಲ್ಲಿಂದ ಜನ ಗುಳೆ ಹೋಗುತ್ತಾರೆ. ಈ ಪ್ರದೇಶವನ್ನು ಆರಿಸಿಕೊಂಡದ್ದಕ್ಕೆ ಕಾರಣ ಇಲ್ಲಿ ವ್ಯಸನ ಬೇರೆಡೆಗಿಂತ ಹೆಚ್ಚು ಎಂದಲ್ಲ. ಮನೋರೋಗ ಚಿಕಿತ್ಸೆಯನ್ನು ದೊಡ್ಡ ಊರಿನ ದೊಡ್ಡ ಆಸ್ಪತ್ರೆಯಿಂದ ಹಳ್ಳಿಯ ಆರೋಗ್ಯ ಕೇಂದ್ರಕ್ಕೆ, ಅಲ್ಲಿಂದ ಮನೆಯ ಜಗಲಿಗೆ ತರುವ ಭಾರತದ ಒಂದು ಮಹತ್ವದ ಪ್ರಯೋಗ ನಡೆದದ್ದು ಇದೇ ನೆಲದಲ್ಲಿ. ಅದರ ಕಥೆಯನ್ನು ಮುಂದೆ ನೋಡೋಣ.

ಸಮಸ್ಯೆಯ ಗಾತ್ರ

ಕೇಂದ್ರ ಸರ್ಕಾರದ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ವರದಿ 2019ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ 10ರಿಂದ 75 ವರ್ಷ ವಯಸ್ಸಿನ ಭಾರತೀಯರಲ್ಲಿ ಶೇಕಡ 14.6ರಷ್ಟು, ಅಂದರೆ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಇವರಲ್ಲಿ ಸುಮಾರು 2.9 ಕೋಟಿ ಜನ ಮದ್ಯದ ಮೇಲೆ ಅವಲಂಬಿತರು. ಹೀಗೆ ಅವಲಂಬಿತರಾದ 38 ಜನರಲ್ಲಿ ಯಾವುದಾದರೊಂದು ಚಿಕಿತ್ಸೆ ಅಥವಾ ನೆರವು ಪಡೆದವರು ಒಬ್ಬರು ಮಾತ್ರ.

ಈ ಅಂಕಿಗಳಿಂದ ಎರಡು ವಿಷಯಗಳು ಹೊರಡುತ್ತವೆ. ಕುಡಿಯುವ ಎಲ್ಲರೂ ವ್ಯಸನಿಗಳಾಗುವುದಿಲ್ಲ. ಐವರಲ್ಲಿ ಒಬ್ಬರಿಗಿಂತ ಕಡಿಮೆ ಜನ ಆ ಸ್ಥಿತಿಗೆ ಜಾರುತ್ತಾರೆ. ಯಾರು ಜಾರುತ್ತಾರೆ ಎಂಬುದರಲ್ಲಿ ವಂಶವಾಹಿಗಳ ಪಾತ್ರ ಹೆಚ್ಚುಕಡಿಮೆ ಅರ್ಧದಷ್ಟು ಎಂದು ಅವಳಿಗಳ ಮೇಲಿನ ಅಧ್ಯಯನಗಳು ತೋರಿಸಿವೆ. ಉಳಿದರ್ಧದಲ್ಲಿ ಬಾಲ್ಯ, ಗೆಳೆಯರು, ದುಡಿಮೆಯ ಸ್ವರೂಪ, ಮನಸ್ಸಿನ ಬೇನೆ, ಮದ್ಯ ಎಷ್ಟು ಸುಲಭವಾಗಿ ಸಿಗುತ್ತದೆ ಎಂಬುದು ಎಲ್ಲವೂ ಸೇರಿವೆ. ಎರಡನೆಯದಾಗಿ, 38ರಲ್ಲಿ ಉಳಿದ 37 ಜನ ಎಲ್ಲಿದ್ದಾರೆ? ಆಸ್ಪತ್ರೆಯಲ್ಲಂತೂ ಇಲ್ಲ. ಅವರಲ್ಲಿ ಹೆಚ್ಚಿನವರು ಮನೆಯಲ್ಲೇ ಇದ್ದಾರೆ, ಹೆಂಡತಿ, ಮಕ್ಕಳು, ತಂದೆತಾಯಿಗಳ ನಡುವೆ. ಆದುದರಿಂದ ಮನೆಯವರಿಗೆ ಏನು ತಿಳಿದಿದೆ ಎಂಬುದು ಬಹಳ ಮುಖ್ಯವಾಗುತ್ತದೆ.

ಮಿದುಳಿನಲ್ಲಿ ನಡೆಯುವುದೇನು?

1954ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಒಂದು ಪ್ರಯೋಗವನ್ನು ವರದಿ ಮಾಡಿದರು. ಇಲಿಯ ಮಿದುಳಿನ ನಿರ್ದಿಷ್ಟ ಭಾಗಗಳಲ್ಲಿ ಸಣ್ಣ ವಿದ್ಯುದ್ವಾರವನ್ನು ಇಟ್ಟು, ಇಲಿ ತಾನೇ ಸನ್ನೆಯನ್ನು ಒತ್ತಿದಾಗ ಅಲ್ಲಿಗೆ ಕ್ಷೀಣ ವಿದ್ಯುತ್ ಹರಿಯುವಂತೆ ಮಾಡಿದರು. ಇಲಿ ಸನ್ನೆಯನ್ನು ಮತ್ತೆ ಮತ್ತೆ ಒತ್ತುತ್ತಲೇ ಇತ್ತು. ಮಿದುಳಿನಲ್ಲಿ ‘ಇದು ಒಳ್ಳೆಯದು, ಮತ್ತೆ ಮಾಡು’ ಎಂದು ಹೇಳುವ ಒಂದು ವ್ಯವಸ್ಥೆ ಇದೆ ಎಂಬ ತಿಳಿವಳಿಕೆಗೆ ಈ ಪ್ರಯೋಗ ದಾರಿ ಮಾಡಿತು. ಈ ವ್ಯವಸ್ಥೆಯಲ್ಲಿ ಮುಖ್ಯ ಪಾತ್ರ ವಹಿಸುವ ನರವಾಹಕವೇ ಡೋಪಮೀನ್.

ಹಸಿದಾಗ ಊಟ, ಬಾಯಾರಿದಾಗ ನೀರು, ಮಗುವಿನ ನಗು, ಗೆಳೆಯನ ಮೆಚ್ಚುಗೆ ಇವೆಲ್ಲ ಡೋಪಮೀನ್ ಮಟ್ಟವನ್ನು ಸ್ವಲ್ಪ ಏರಿಸುತ್ತವೆ. ಬದುಕಿಗೆ ಬೇಕಾದ ಕೆಲಸಗಳನ್ನು ಮತ್ತೆ ಮಾಡಲು ಇದು ಪ್ರೇರಣೆ. ಮದ್ಯ, ನಿಕೋಟಿನ್, ಹೆರಾಯಿನ್‌ಗಳು ಇದೇ ದಾರಿಯನ್ನು ಹಿಡಿದು, ಸಹಜ ಕಾರಣಗಳಿಗಿಂತ ಜೋರಾಗಿ, ಪ್ರತಿಸಲವೂ ತಪ್ಪದೆ ಡೋಪಮೀನನ್ನು ಹೊರಡಿಸುತ್ತವೆ. ಪ್ರತಿದಿನ ಜೋರು ಸಂಕೇತ ಬಂದರೆ ಮಿದುಳು ಸುಮ್ಮನಿರುವುದಿಲ್ಲ. ರೇಡಿಯೋ ಸದ್ದು ಹೆಚ್ಚಾದಾಗ ನಾವು ಗುಬುಟು ತಿರುಗಿಸಿ ತಗ್ಗಿಸುವ ಹಾಗೆ, ಮಿದುಳು ತನ್ನ ಗ್ರಾಹಕಗಳ ಸಂಖ್ಯೆಯನ್ನೂ ಸೂಕ್ಷ್ಮತೆಯನ್ನೂ ತಗ್ಗಿಸಿಕೊಳ್ಳುತ್ತದೆ. ಆಗ ಅದೇ ಪರಿಣಾಮಕ್ಕೆ ಹೆಚ್ಚು ಪ್ರಮಾಣ ಬೇಕಾಗುತ್ತದೆ. ಅಷ್ಟೇ ಅಲ್ಲ, ಊಟ, ಹಬ್ಬ, ಮಗುವಿನ ಮಾತು ಮೊದಲಾದ ಸಣ್ಣ ಸುಖಗಳು ಸಪ್ಪೆಯಾಗುತ್ತವೆ. ‘ಮಕ್ಕಳ ಮೇಲೂ ಪ್ರೀತಿ ಇಲ್ಲ’ ಎಂದು ಮನೆಯವರು ನೊಂದುಕೊಳ್ಳುವುದರ ಹಿಂದೆ ಈ ಬದಲಾವಣೆಯೂ ಇರುತ್ತದೆ. ಮುಂದಾಲೋಚನೆ ಮತ್ತು ಸಂಯಮಕ್ಕೆ ಕಾರಣವಾದ ಮಿದುಳಿನ ಮುಂಭಾಗದ ಹಿಡಿತವೂ ಸಡಿಲವಾಗುತ್ತದೆ. ಯಾವ ಸಂಕಲ್ಪಬಲವನ್ನು ಬಳಸಿ ಬಿಡು ಎಂದು ನಾವು ಹೇಳುತ್ತೇವೆಯೋ ಆ ಬಲದ ಉಪಕರಣಕ್ಕೇ ಪೆಟ್ಟು ಬಿದ್ದಿರುತ್ತದೆ.

ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಒಂದು ಹೋಲಿಕೆ ನೆರವಾಗಬಹುದು. ಕಬ್ಬಿಣದ ತುಂಡೊಂದನ್ನು ತಂತಿಯ ಸುರುಳಿಯೊಳಗಿಟ್ಟು ವಿದ್ಯುತ್ ಹರಿಸಿದರೆ ಅದು ಕಾಂತವಾಗುತ್ತದೆ. ವಿದ್ಯುತ್ತನ್ನು ಸೊನ್ನೆಗೆ ಇಳಿಸಿದರೂ ಕಾಂತತ್ವ ಸೊನ್ನೆಯಾಗುವುದಿಲ್ಲ, ಒಂದಿಷ್ಟು ಉಳಿಯುತ್ತದೆ. ಹೋದ ದಾರಿಯಲ್ಲೇ ಅದು ಹಿಂದಕ್ಕೆ ಬರುವುದಿಲ್ಲ. ಇದನ್ನು ಹಿಸ್ಟೆರಿಸಿಸ್ ಎನ್ನುತ್ತೇವೆ. ಉಳಿದ ಕಾಂತತ್ವವನ್ನು ಹೋಗಲಾಡಿಸಲು ಎದುರು ದಿಕ್ಕಿನಲ್ಲಿ ಬಲ ಹಾಕಬೇಕು. ವ್ಯಸನವೂ ಸ್ವಲ್ಪಮಟ್ಟಿಗೆ ಹೀಗೆ. ಬಾಟಲಿ ಕೈಯಿಂದ ಹೋದ ಮಾತ್ರಕ್ಕೆ ಮಿದುಳು ಹಳೆಯ ಸ್ಥಿತಿಗೆ ಮರಳುವುದಿಲ್ಲ. ಅದನ್ನು ಮರಳಿಸಲು ಕಾಲ ಬೇಕು, ಹೊರಗಿನಿಂದ ಬೇರೊಂದು ಬಲವೂ ಬೇಕು. ಕಬ್ಬಿಣಕ್ಕೆ ನೋವಿಲ್ಲ, ನಾಚಿಕೆಯಿಲ್ಲ, ಆಸೆಯಿಲ್ಲ. ಹೋಲಿಕೆ ಅಲ್ಲಿಗೆ ನಿಲ್ಲುತ್ತದೆ. ಮನುಷ್ಯನ ವಿಷಯದಲ್ಲಿ ಆ ಹೊರಗಿನ ಬಲ ಯಾವುದು ಎಂಬುದೇ ಈ ಲೇಖನದ ಮುಖ್ಯ ಪ್ರಶ್ನೆ.

ಒಮ್ಮೆಲೇ ನಿಲ್ಲಿಸಿದರೆ?

ಕೋಣೆಯಲ್ಲಿ ಕೂಡಿಹಾಕಿ ನಾಲ್ಕು ದಿನ ಕುಡಿಯಲು ಕೊಡದಿದ್ದರೆ ಸರಿಹೋಗುತ್ತದೆ ಎಂದು ನಂಬುವವರಿದ್ದಾರೆ. ಇದು ಪ್ರಾಣಕ್ಕೆ ಎರವಾಗಬಹುದಾದ ನಂಬಿಕೆ. ಏಕೆಂದು ನೋಡೋಣ.

ಮಿದುಳಿನಲ್ಲಿ ಚಟುವಟಿಕೆಯನ್ನು ತಗ್ಗಿಸುವ ನರವಾಹಕ ಗಾಬಾ, ಹೆಚ್ಚಿಸುವುದು ಗ್ಲುಟಮೇಟ್. ಸೈಕಲ್ಲಿನ ಬ್ರೇಕು ಮತ್ತು ಪೆಡಲು ಇದ್ದ ಹಾಗೆ. ಮದ್ಯವು ಬ್ರೇಕಿನ ಕೆಲಸವನ್ನು ಬಲಪಡಿಸುತ್ತದೆ, ಪೆಡಲಿನ ಕೆಲಸವನ್ನು ಕುಗ್ಗಿಸುತ್ತದೆ. ವರ್ಷಗಟ್ಟಲೆ ದಿನವೂ ಕುಡಿದಾಗ ಮಿದುಳು ಸಮತೋಲ ಕಾಯ್ದುಕೊಳ್ಳಲು ತನ್ನ ಬ್ರೇಕನ್ನು ಸಡಿಲಿಸಿ ಪೆಡಲನ್ನು ಜೋರು ಮಾಡಿಕೊಂಡಿರುತ್ತದೆ. ಈಗ ಮದ್ಯವನ್ನು ಒಮ್ಮೆಲೇ ತೆಗೆದರೆ? ಇಳಿಜಾರಿನಲ್ಲಿ ಬ್ರೇಕಿಲ್ಲದ ಸೈಕಲ್ಲಿನ ಗತಿ. ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು, ಎದೆಬಡಿತ, ನಿದ್ರಾಹೀನತೆ ಆರಂಭವಾಗುತ್ತವೆ. 6ರಿಂದ 48 ಗಂಟೆಗಳ ಅವಧಿಯಲ್ಲಿ ಕೆಲವರಿಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ಹೊತ್ತಿಗೆ ಕೆಲವರಲ್ಲಿ ತೀವ್ರ ಗೊಂದಲ, ಇಲ್ಲದ್ದನ್ನು ಕಾಣುವುದು, ಜ್ವರ, ಕಾಲದೇಶಗಳ ಅರಿವು ತಪ್ಪುವುದು ಕಾಣಿಸಿಕೊಳ್ಳಬಹುದು. ಇದು ಡೆಲಿರಿಯಂ ಟ್ರೆಮೆನ್ಸ್ ಎಂಬ ತುರ್ತು ಸ್ಥಿತಿ. ಚಿಕಿತ್ಸೆ ಇಲ್ಲದಿದ್ದರೆ ಸಾವೂ ಸಂಭವಿಸಬಹುದು. ಹಳ್ಳಿಗಳಲ್ಲಿ ಇದನ್ನು ‘ಗಾಳಿ ಸೋಕಿದೆ’ ಎಂದು ತಿಳಿದು ಅಮೂಲ್ಯ ಸಮಯ ಕಳೆಯುವುದುಂಟು.

ಆದುದರಿಂದ ದಿನವೂ ಹೆಚ್ಚು ಕುಡಿಯುವವರು, ಬೆಳಗ್ಗೆ ಎದ್ದೊಡನೆ ಕುಡಿಯದಿದ್ದರೆ ಕೈ ನಡುಗುವವರು, ಹಿಂದೆ ಬಿಟ್ಟಾಗ ಫಿಟ್ಸ್ ಬಂದವರು ವೈದ್ಯರ ನಿಗಾದಲ್ಲಿಯೇ ನಿಲ್ಲಿಸಬೇಕು. ಡಯಜಿಪಾಮ್ ಗುಂಪಿನ ಔಷಧಿಯನ್ನು ಕೆಲವು ದಿನ ಕೊಟ್ಟು ಕ್ರಮೇಣ ಇಳಿಸುತ್ತಾರೆ. ಜೊತೆಗೆ ಥಯಮಿನ್ ಎಂಬ ಬಿ1 ಜೀವಸತ್ವ ಕೊಡುತ್ತಾರೆ. ಇದು ತಾಲ್ಲೂಕು ಆಸ್ಪತ್ರೆಯ ಮಟ್ಟದಲ್ಲಿಯೂ ಸಾಧ್ಯವಿರುವ ಚಿಕಿತ್ಸೆ. ಆದರೆ ಈ ಮಾತ್ರೆಗಳನ್ನು ಅಂಗಡಿಯಿಂದ ತಂದು ಮನೆಯವರೇ ಕೊಡಬಾರದು. ಮದ್ಯದ ಜೊತೆ ಸೇರಿದರೆ ಅವು ಉಸಿರಾಟವನ್ನೇ ಕುಗ್ಗಿಸಬಲ್ಲವು.

ಗೊತ್ತಾಗದಂತೆ ಬೆರೆಸುವ ಪುಡಿ

‘ಕುಡಿಯುವವರಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ ಕೊಡಿ, ಕುಡಿತ ಬಿಡುತ್ತಾರೆ’ ಎಂಬ ಜಾಹೀರಾತುಗಳನ್ನು ಬಸ್‌ನಿಲ್ದಾಣದ ಗೋಡೆಗಳ ಮೇಲೆ ನೀವು ನೋಡಿರಬಹುದು. ದಿಕ್ಕುಗಾಣದ ಮನೆಯವರು ಸಾಲ ಮಾಡಿ ಇವನ್ನು ಕೊಳ್ಳುತ್ತಾರೆ. ಇಂತಹ ಪುಡಿಯಲ್ಲಿ ಏನಿದೆ ಎಂಬುದು ಕೊಂಡವರಿಗೆ ತಿಳಿಯುವ ದಾರಿಯಿಲ್ಲ. ಡೈಸಲ್ಫಿರಾಮ್ ಎಂಬ ನಿಜವಾದ ಔಷಧಿಯನ್ನೇ ಗುಟ್ಟಾಗಿ ಕೊಡುವವರೂ ಇದ್ದಾರೆ. ಅದರ ರಸಾಯನಶಾಸ್ತ್ರ ಸರಳ. ನಮ್ಮ ಯಕೃತ್ತಿನಲ್ಲಿ ಮದ್ಯವು ಮೊದಲು ಅಸಿಟಾಲ್ಡಿಹೈಡ್ ಆಗುತ್ತದೆ. ಆಮೇಲೆ ಒಂದು ಕಿಣ್ವದ ನೆರವಿನಿಂದ ನಿರಪಾಯಕಾರಿ ಅಸಿಟೇಟ್ ಆಗುತ್ತದೆ. ಡೈಸಲ್ಫಿರಾಮ್ ಈ ಎರಡನೆಯ ಕಿಣ್ವವನ್ನು ತಡೆಯುತ್ತದೆ. ಅದನ್ನು ತೆಗೆದುಕೊಂಡವರು ಕುಡಿದರೆ ವಿಷಕಾರಿ ಅಸಿಟಾಲ್ಡಿಹೈಡ್ ರಕ್ತದಲ್ಲಿ ಸೇರಿಕೊಂಡು ಮುಖ ಕೆಂಪೇರುತ್ತದೆ, ವಾಂತಿಯಾಗುತ್ತದೆ, ಎದೆ ಡವಗುಟ್ಟುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಹೃದಯದ ಕಾಯಿಲೆ ಇದ್ದವರಿಗೆ ಇದು ಮಾರಕವಾಗಬಹುದು.

ಈ ಔಷಧಿ ಕೆಲಸ ಮಾಡುವುದು ‘ಕುಡಿದರೆ ಹೀಗಾಗುತ್ತದೆ’ ಎಂಬ ಅರಿವಿನಿಂದ. ತಿಳಿಯದವರಿಗೆ ಕೊಟ್ಟರೆ ಅರಿವೂ ಇಲ್ಲ, ಎಚ್ಚರಿಕೆಯೂ ಇಲ್ಲ. ಉಳಿಯುವುದು ಅಪಾಯ ಮಾತ್ರ. ಗುಟ್ಟು ಬಯಲಾದ ದಿನ ಅವರಿಗೆ ಮನೆಯ ಅನ್ನದ ಮೇಲಿನ ನಂಬಿಕೆಯೂ ಹೋಗುತ್ತದೆ. ಮನೆಯವರು ಕೈಯಾರೆ ಬಡಿಸಿದ ತುತ್ತನ್ನು ಅನುಮಾನಿಸುವ ಮನುಷ್ಯನಿಗೆ ಅದೇ ಮನೆ ಆಸರೆಯಾಗುವುದು ಹೇಗೆ? ಒಪ್ಪಿಗೆ ಪಡೆದು, ವೈದ್ಯರ ಪರೀಕ್ಷೆಯ ನಂತರ ಕೊಡುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಮೊದಲಾದ ಬೇರೆ ಔಷಧಿಗಳೂ ಇವೆ.

ಪಂಜರದ ಇಲಿ, ಒಡನಾಟದ ಇಲಿ

ಈಗ ಎರಡನೆಯ ಊಹೆಗೆ ಬರೋಣ. ನಾಚಿಕೆಪಡಿಸಿ, ದೂರವಿಟ್ಟರೆ ಬಿಡುತ್ತಾರೆಯೆ?

1970ರ ದಶಕದ ಕೊನೆಯಲ್ಲಿ ಕೆನಡಾದ ಬ್ರೂಸ್ ಅಲೆಕ್ಸಾಂಡರ್ ಮತ್ತು ಸಂಗಡಿಗರು ಒಂದು ಸರಳ ಪ್ರಶ್ನೆ ಕೇಳಿದರು. ಒಂಟಿ ಪಂಜರದಲ್ಲಿರುವ ಇಲಿ ಮಾರ್ಫೀನ್ ಬೆರೆತ ನೀರನ್ನು ಕುಡಿಯುತ್ತದೆ ಸರಿ. ವಿಶಾಲವಾದ ಜಾಗದಲ್ಲಿ ಸಂಗಾತಿಗಳ ಜೊತೆ ಆಡಿಕೊಂಡಿರುವ ಇಲಿ? ಅವರ ಪ್ರಯೋಗದಲ್ಲಿ ಒಂಟಿ ಇಲಿಗಳಿಗಿಂತ ಒಡನಾಟದ ಇಲಿಗಳು ಬಹಳ ಕಡಿಮೆ ಮಾರ್ಫೀನ್ ಕುಡಿದವು. ಇದೇ ಪ್ರಯೋಗವನ್ನು ಮತ್ತೆ ಮಾಡಿದವರಿಗೆಲ್ಲ ಇದೇ ಫಲಿತಾಂಶ ಸಿಗಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಆದರೆ 2018ರಲ್ಲಿ ಅಮೆರಿಕದ ಮಾರ್ಕೊ ವೆನ್ನಿರೊ, ಯಾವಿನ್ ಶಹಾಮ್ ಮತ್ತಿತರರು ಇನ್ನೂ ನಿಖರವಾದ ಪ್ರಯೋಗ ಮಾಡಿದರು. ಮಾದಕಕ್ಕೆ ಅಂಟಿಕೊಂಡ ಇಲಿಗೆ ಎರಡು ಸನ್ನೆಗಳು: ಒಂದನ್ನು ಒತ್ತಿದರೆ ಮಾದಕ, ಇನ್ನೊಂದನ್ನು ಒತ್ತಿದರೆ ಇನ್ನೊಂದು ಇಲಿಯ ಸಂಗ. ಇಲಿಗಳು ಹೆಚ್ಚಾಗಿ ಸಂಗವನ್ನೇ ಆರಿಸಿಕೊಂಡವು. ಸಂಗ ಸಿಗುವುದನ್ನು ತಡಮಾಡಿದಾಗ ಅಥವಾ ಅದನ್ನು ಶಿಕ್ಷೆಗೆ ಗಂಟುಹಾಕಿದಾಗ ಅವು ಮತ್ತೆ ಮಾದಕದತ್ತ ತಿರುಗಿದವು. ಈ ಕೊನೆಯ ವಾಕ್ಯವನ್ನು ಇನ್ನೊಮ್ಮೆ ಓದಿ. ನಮ್ಮ ಅನೇಕ ಮನೆಗಳಲ್ಲಿ ನಡೆಯುವುದು ಅದೇ ಅಲ್ಲವೆ?

ಇಲಿಯಿಂದ ಮನುಷ್ಯನಿಗೆ ನೇರವಾಗಿ ಜಿಗಿಯಬಾರದು. ಮನುಷ್ಯರ ವೀಕ್ಷಣೆಯೂ ಇದೆ. ವಿಯೆಟ್ನಾಂ ಯುದ್ಧದಲ್ಲಿದ್ದ ಅಮೆರಿಕದ ಸಾಮಾನ್ಯ ಸೈನಿಕರಲ್ಲಿ ಸುಮಾರು ಐದರಲ್ಲೊಬ್ಬರು ಹೆರಾಯಿನ್ ಮೊದಲಾದ ಅಫೀಮು ವರ್ಗದ ವಸ್ತುಗಳಿಗೆ ದಾಸರಾಗಿದ್ದರು. ಊರಿಗೆ ಮರಳಿದವರನ್ನು ಲೀ ರಾಬಿನ್ಸ್ ಎಂಬ ಸಂಶೋಧಕಿ 1970ರ ದಶಕದಲ್ಲಿ ಹಿಂಬಾಲಿಸಿ ಅಧ್ಯಯನ ಮಾಡಿದರು. ಅಲ್ಲಿ ವ್ಯಸನಿಗಳಾಗಿದ್ದವರ ಪೈಕಿ ಮರಳಿದ ಮೊದಲ ವರ್ಷದಲ್ಲಿ ಮತ್ತೆ ವ್ಯಸನಕ್ಕೆ ಬಿದ್ದವರು ಶೇಕಡ 5ರಷ್ಟು ಮಾತ್ರ. ವಸ್ತು ಸಿಗುವುದು ಕಷ್ಟವಾದದ್ದು, ಯುದ್ಧದ ಭಯ ಹೋದದ್ದು, ಮನೆ ಸಿಕ್ಕಿದ್ದು, ಎಲ್ಲವೂ ಇದರಲ್ಲಿ ಸೇರಿವೆ. ಸುತ್ತಲಿನ ಬದುಕು ಬದಲಾದರೆ ವ್ಯಸನದ ಹಿಡಿತವೂ ಬದಲಾಗುತ್ತದೆ ಎಂಬುದಂತೂ ಸ್ಪಷ್ಟ.

ಅಮೃತಸರದ ಡೇರೆಗಳು, ಬಳ್ಳಾರಿಯ ಹಳ್ಳಿಗಳು

ಕುಟುಂಬವನ್ನು ಚಿಕಿತ್ಸೆಯ ಭಾಗವಾಗಿ ಮಾಡಿಕೊಳ್ಳುವುದರಲ್ಲಿ ಭಾರತದ್ದೇ ಒಂದು ಪರಂಪರೆ ಇದೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆಸ್ಪತ್ರೆಯ ಅಂಗಳದಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಯ ಜೊತೆ ಮನೆಯವರೂ ಉಳಿಯುವಂತೆ ಮಾಡಿದರು. ರೋಗವೆಂದರೇನು, ಮನೆಗೆ ಹೋದಮೇಲೆ ಹೇಗೆ ನೋಡಿಕೊಳ್ಳಬೇಕು ಎಂದು ಮನೆಯವರು ಅಲ್ಲೇ ಕಲಿತರು. ರೋಗಿಗಳು ಬೇಗ ಮನೆಗೆ ಮರಳಿದರು.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1970ರ ದಶಕದಲ್ಲಿ ಸಕಲವಾರದ ಸಮುದಾಯ ಕೇಂದ್ರದಿಂದ ಹಳ್ಳಿಗಳತ್ತ ಹೊರಟಿತು. 1985ರಲ್ಲಿ ಆಗಿನ ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡು ಜಿಲ್ಲಾ ಮಾನಸಿಕ ಆರೋಗ್ಯದ ಪ್ರಯೋಗ ಆರಂಭಿಸಿತು. ಜನಸಂಖ್ಯೆ ಸುಮಾರು 20 ಲಕ್ಷ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ನಾಲ್ಕೂ ಆಗ ಆ ಜಿಲ್ಲೆಯಲ್ಲಿದ್ದವು. ಕೊಟ್ಟೂರು ಕೂಡ್ಲಿಗಿ ತಾಲ್ಲೂಕಿಗೆ ಸೇರಿತ್ತು. (ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಸೇರಿ, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ಐದೂ ತಾಲ್ಲೂಕುಗಳು ಹೊಸ ವಿಜಯನಗರ ಜಿಲ್ಲೆಗೆ ಸೇರಿದವು.) ಪ್ರಯೋಗದ ಹುರುಳು ಇಷ್ಟು: ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಮತ್ತು ಆರೋಗ್ಯ ಕಾರ್ಯಕರ್ತರಿಗೆ ಅಲ್ಪಾವಧಿಯ ತರಬೇತಿ, ಆಯ್ದ ಕೆಲವೇ ಔಷಧಿಗಳು, ಸರಳ ದಾಖಲೆ, ಮನೆಭೇಟಿ. ಆಗ ಒತ್ತು ಇದ್ದದ್ದು ತೀವ್ರ ಮನೋರೋಗ, ಮೂರ್ಛೆರೋಗ ಮುಂತಾದವುಗಳ ಮೇಲೆ. ಮನೋವೈದ್ಯರೇ ಇಲ್ಲದ ತಾಲ್ಲೂಕಿನಲ್ಲಿಯೂ ಮನೆಯ ಹತ್ತಿರವೇ ಚಿಕಿತ್ಸೆ ಸಾಧ್ಯ ಎಂದು ಈ ಪ್ರಯೋಗ ತೋರಿಸಿತು. 1996ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ‘ಬಳ್ಳಾರಿ ಮಾದರಿ’ಯೇ ಆಧಾರವಾಯಿತು. ವ್ಯಸನದ ಚಿಕಿತ್ಸೆಗೂ ಇದೇ ದಾರಿ ಅನ್ವಯಿಸುತ್ತದೆ. ರೋಗಿ ಬದುಕುವುದು ಮನೆಯಲ್ಲಿ. ಆಸ್ಪತ್ರೆಯಲ್ಲಿ ಕಳೆಯುವುದು ಕೆಲವು ದಿನ ಮಾತ್ರ.

ಕಾನೂನಿನ ಪಾತ್ರವೂ ಇದೆ, ಅದರ ಮಿತಿಯೂ ಇದೆ. 1953ರ ಅಕ್ಟೋಬರ್ 1ರವರೆಗೆ ಈ ಊರುಗಳು ಮದ್ರಾಸ್ ರಾಜ್ಯದಲ್ಲಿದ್ದವು. 1948ರಿಂದಲೇ ಅಲ್ಲಿ ಪೂರ್ಣ ಪಾನನಿಷೇಧವಿತ್ತು. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ವಸ್ತು ಸುಲಭವಾಗಿ ಸಿಗದಂತೆ ಮಾಡುವುದು ಹೊಸಬರು ವ್ಯಸನಕ್ಕೆ ಬೀಳುವುದನ್ನು ಕಡಿಮೆ ಮಾಡಬಹುದು. ಆದರೆ ಆಗಲೇ ಅವಲಂಬಿತನಾದವನು ಸಾರಾಯಿ ಪ್ಯಾಕೆಟ್ಟಿನಿಂದ ಬೇರೆ ಮದ್ಯಕ್ಕೆ ಸರಿಯಬಲ್ಲ. ಅವನಿಗೆ ಬೇಕಾದದ್ದು ಚಿಕಿತ್ಸೆ.

ಮನೆಯವರ ಮಾತಿಗೆ ಎಷ್ಟು ಬೆಲೆ?

‘ಆಸ್ಪತ್ರೆಗೆ ಬಾ ಅಂದರೆ ಬರುವುದೇ ಇಲ್ಲ’ ಎಂಬುದು ಮನೆಯವರ ದೊಡ್ಡ ಅಳಲು. 1999ರಲ್ಲಿ ಅಮೆರಿಕದ ವಿಲಿಯಂ ಮಿಲ್ಲರ್, ರಾಬರ್ಟ್ ಮೇಯರ್ಸ್ ಮತ್ತು ಸಂಗಡಿಗರು ಇದನ್ನೇ ಅಳೆದರು. ಚಿಕಿತ್ಸೆಗೆ ಒಪ್ಪದ ಮದ್ಯವ್ಯಸನಿಗಳ 130 ಮಂದಿ ಬಂಧುಗಳನ್ನು ಮೂರು ಗುಂಪು ಮಾಡಿದರು. ಮೊದಲನೆಯ ಗುಂಪಿಗೆ, ಮನೆಯವರು ತಮ್ಮ ನೆಮ್ಮದಿಯನ್ನಷ್ಟೇ ನೋಡಿಕೊಳ್ಳುವ ಸಲಹೆ. ಎರಡನೆಯದಕ್ಕೆ, ಎಲ್ಲರೂ ಸೇರಿ ವ್ಯಸನಿಯನ್ನು ಎದುರಿಗೆ ಕೂರಿಸಿಕೊಂಡು ನೇರವಾಗಿ ಪ್ರಶ್ನಿಸುವ ತರಬೇತಿ. ಮೂರನೆಯದಕ್ಕೆ, ಕುಡಿಯದ ಹೊತ್ತನ್ನು ಮೆಚ್ಚಿ ಬಲಪಡಿಸುವ, ಬೈಗುಳವಿಲ್ಲದೆ ಮಾತನಾಡುವ, ಸರಿಯಾದ ಸಮಯದಲ್ಲಿ ಚಿಕಿತ್ಸೆಯ ಮಾತೆತ್ತುವ ತರಬೇತಿ. ವ್ಯಸನಿ ಚಿಕಿತ್ಸೆಗೆ ಬಂದ ಪ್ರಮಾಣ ಕ್ರಮವಾಗಿ ಶೇಕಡ 13, 30 ಮತ್ತು 64.

ಮೂರನೆಯ ದಾರಿ ನಮ್ಮ ಮನೆಗಳಲ್ಲಿ ಹೇಗಿರುತ್ತದೆ? ಗಂಡ ಕುಡಿದು ಬಂದ ರಾತ್ರಿ ಜಗಳ, ಕುಡಿಯದೆ ಬಂದ ರಾತ್ರಿ ಮೌನ – ಇದು ಸಾಮಾನ್ಯ. ಇದನ್ನು ತಿರುಗಿಸಬೇಕು. ಕುಡಿದಾಗ ವಾದ ಬೇಡ. ಆ ಮಾತು ನಿಲ್ಲುವುದೂ ಇಲ್ಲ, ನೆನಪಿರುವುದೂ ಇಲ್ಲ. ಮರುದಿನ ಬೆಳಗ್ಗೆ, ತಲೆ ತಿಳಿಯಾಗಿದ್ದಾಗ ಹೇಳಬೇಕು: ‘ಮೊನ್ನೆ ನೀವು ಕುಡಿಯದೆ ಬಂದ್ರಿ. ಮಗಳು ನಿಮ್ಮ ಜೊತೆ ಕೂತು ಉಂಡಳು. ಮನೆಯಲ್ಲಿ ಎಲ್ಲರಿಗೂ ಸಂತೋಷ ಆಯ್ತು. ಮಂಗಳವಾರ ಆಸ್ಪತ್ರೆಗೆ ಡಾಕ್ಟರು ಬರ್ತಾರಂತೆ, ನಾನೂ ಜೊತೆಗೆ ಬರ್ತೀನಿ.’ ಇಲ್ಲಿ ಆರೋಪವಿಲ್ಲ, ಉಪದೇಶವಿಲ್ಲ. ಒಂದು ನಿಜವಾದ ಘಟನೆ, ಒಂದು ಭಾವನೆ, ಒಂದು ಸಣ್ಣ ಹೆಜ್ಜೆ ಇವೆ.

ಕರುಣೆ ಎಂದರೆ ಎಲ್ಲವನ್ನೂ ಸಹಿಸುವುದಲ್ಲ. ಕುಡಿತದ ಸಾಲವನ್ನು ಗುಟ್ಟಾಗಿ ತೀರಿಸುವುದು, ಕೆಲಸಕ್ಕೆ ಹೋಗದಿದ್ದಾಗ ಜ್ವರವೆಂದು ಮಾಲೀಕರಿಗೆ ಸುಳ್ಳು ಹೇಳುವುದು, ‘ಮನೆಯಲ್ಲೇ ಕುಡಿಯಲಿ’ ಎಂದು ತಂದುಕೊಡುವುದು – ಇವು ಪ್ರೀತಿಯಿಂದ ಮಾಡಿದರೂ ವ್ಯಸನಕ್ಕೆ ನೀರೆರೆಯುತ್ತವೆ. ಮಾಡಿದ್ದರ ಸಹಜ ಪರಿಣಾಮವನ್ನು ಅವರೇ ಎದುರಿಸಲಿ. ಆದರೆ ಅವಮಾನವನ್ನು ನಾವು ಸೇರಿಸುವುದು ಬೇಡ. ಹೊಡೆತ, ಬೆದರಿಕೆ ಇದ್ದ ಕಡೆ ಮೊದಲು ಸುರಕ್ಷತೆ. ಸಹಿಸಿಕೊಂಡು ಹೋಗು ಎಂದು ಯಾವ ಹೆಣ್ಣುಮಗಳಿಗೂ ವಿಜ್ಞಾನ ಹೇಳುವುದಿಲ್ಲ. ತುರ್ತಿಗೆ 112, ಮಹಿಳಾ ಸಹಾಯವಾಣಿ 181 ಇವೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ರಕ್ಷಣೆ ಇದೆ. ಮನೆಯವರಿಗೂ ನಿದ್ರೆ, ಊಟ, ಮನಸ್ಸು ಬಿಚ್ಚಿ ಮಾತನಾಡುವ ಒಬ್ಬ ಜೀವ ಬೇಕು.

ಮತ್ತೆ ಕುಡಿದರೆ?

ಮೂರು ತಿಂಗಳು ಬಿಟ್ಟವರು ಜಾತ್ರೆಯಲ್ಲೋ ಸಾವಿನ ಮನೆಯಲ್ಲೋ ಮತ್ತೆ ಕುಡಿಯುತ್ತಾರೆ. ‘ಎಲ್ಲ ನೀರಿನಲ್ಲಿ ಹೋಮ’ ಎಂದು ಮನೆಯವರು ಕೈಬಿಡುತ್ತಾರೆ. 2000ದಲ್ಲಿ ಥಾಮಸ್ ಮೆಕ್‌ಲೆಲನ್ ಮತ್ತು ಸಂಗಡಿಗರು ಒಂದು ಹೋಲಿಕೆ ಮಾಡಿದರು. ಮಾದಕ ವ್ಯಸನದಲ್ಲಿ ಮರುಕಳಿಕೆ ಶೇಕಡ 40ರಿಂದ 60. ರಕ್ತದೊತ್ತಡ ಮತ್ತು ಅಸ್ತಮಾದಲ್ಲಿ ಶೇಕಡ 50ರಿಂದ 70. ರಕ್ತದೊತ್ತಡ ಮತ್ತೆ ಏರಿದರೆ ನಾವು ರೋಗಿಯನ್ನು ಬೈಯುವುದಿಲ್ಲ, ಔಷಧಿ ಸರಿಪಡಿಸಿಕೊಳ್ಳಲು ವೈದ್ಯರ ಬಳಿ ಕಳಿಸುತ್ತೇವೆ.

ಕಬ್ಬಿಣದ ಹೋಲಿಕೆಯನ್ನು ಇಲ್ಲಿ ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯಬಹುದು. ಕಾಂತತ್ವವನ್ನು ಪೂರ್ತಿ ತೆಗೆಯಲು ಪ್ರಯೋಗಾಲಯದಲ್ಲಿ ದಿಕ್ಕು ಬದಲಿಸುತ್ತಾ ಕ್ರಮೇಣ ತಗ್ಗುವ ಕ್ಷೇತ್ರವನ್ನು ಹಾಕುತ್ತೇವೆ. ಕಾಂತತ್ವ ಆಚೆಗೂ ಈಚೆಗೂ ತೂಗುತ್ತದೆ. ಪ್ರತಿ ತೂಗಾಟವೂ ಹಿಂದಿನದಕ್ಕಿಂತ ಚಿಕ್ಕದು. ಚೇತರಿಕೆಯೂ ಅನೇಕರಲ್ಲಿ ಹೀಗೆಯೇ. ನೋಡಬೇಕಾದದ್ದು ಬಿದ್ದರೇ ಎಂಬುದನ್ನಷ್ಟೇ ಅಲ್ಲ. ಎಷ್ಟು ದಿನದ ಮೇಲೆ ಬಿದ್ದರು, ಎಷ್ಟು ಬೇಗ ಎದ್ದರು ಎಂಬುದನ್ನು. ಒಂದು ಎಚ್ಚರಿಕೆ: ಹೆರಾಯಿನ್‌ನಂತಹ ವಸ್ತುಗಳನ್ನು ಕೆಲಕಾಲ ಬಿಟ್ಟವರ ದೇಹ ಹಳೆಯ ತಾಳಿಕೆಯನ್ನು ಕಳೆದುಕೊಂಡಿರುತ್ತದೆ. ಹಿಂದಿನ ಪ್ರಮಾಣವನ್ನೇ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಇದನ್ನು ಅವರಿಗೂ ಮನೆಯವರಿಗೂ ಮೊದಲೇ ತಿಳಿಸಬೇಕು.

ನೆರವು ಎಲ್ಲಿದೆ?

ಕರ್ನಾಟಕದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ನಿಗದಿತ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ನಿಮ್ಮ ತಾಲ್ಲೂಕಿನಲ್ಲಿ ಯಾವ ಮಂಗಳವಾರ ಎಂದು ವಿಚಾರಿಸಿ ಶಾಲೆಯ ಫಲಕದಲ್ಲಿ ಬರೆಯಿರಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416, ಕನ್ನಡದಲ್ಲಿ ಮಾತನಾಡಬಹುದು. ಮಾದಕ ವ್ಯಸನಕ್ಕೆಂದೇ ರಾಷ್ಟ್ರೀಯ ಸಹಾಯವಾಣಿ 14446 ಇದೆ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ತಿರುಗಿ ‘ನಿಮ್ಮ ದುಶ್ಚಟಗಳನ್ನು ಭಿಕ್ಷೆ ಹಾಕಿ’ ಎಂದು ಬೇಡಿದ್ದು ಈ ಭಾಗದ ಹಿರಿಯರಿಗೆ ಗೊತ್ತು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಗಳು ಹಳ್ಳಿಗಳಲ್ಲಿ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತವೆ. ಬಿಟ್ಟವರು ಪರಸ್ಪರ ಕೈಹಿಡಿಯುವ ಗುಂಪುಗಳಿಂದ ನಿಜವಾದ ಪ್ರಯೋಜನವಿದೆ. ಆದರೆ ಶಿಬಿರಕ್ಕೆ ಹೋಗುವ ಮೊದಲು, ಮೇಲೆ ಹೇಳಿದ ಅಪಾಯದ ಲಕ್ಷಣಗಳಿದ್ದರೆ ವೈದ್ಯರ ತಪಾಸಣೆ ಆಗಲಿ.

ಕಾನೂನು ಏನು ಹೇಳುತ್ತದೆ ಎಂಬುದೂ ತಿಳಿದಿರಲಿ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯು ಮದ್ಯ ಮತ್ತು ಮಾದಕಗಳ ದುರ್ಬಳಕೆಯಿಂದಾದ ಮಾನಸಿಕ ಸ್ಥಿತಿಗಳನ್ನು ಕಾಯಿಲೆಯೆಂದು ಪರಿಗಣಿಸುತ್ತದೆ. ರೋಗಿಯನ್ನು ಯಾವ ರೀತಿಯಲ್ಲೂ ಸರಪಳಿಯಿಂದ ಕಟ್ಟುವಂತಿಲ್ಲ. ಇಂತಹ ರೋಗಿಗಳನ್ನು ಇರಿಸಿಕೊಳ್ಳುವ ಕೇಂದ್ರಗಳು ನೋಂದಣಿಯಾಗಿರಬೇಕು. ಹಣ ಕಟ್ಟುವ ಮೊದಲು ನೋಂದಣಿ ಪತ್ರ ಕೇಳಿ ನೋಡಿ. 1985ರ ಮಾದಕ ದ್ರವ್ಯಗಳ ಕಾಯ್ದೆಯ 64ಎ ಪ್ರಕರಣದಂತೆ, ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪ ಎದುರಿಸುವ ವ್ಯಸನಿ ತಾನಾಗಿ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಒಳಗಾದರೆ ಮೊಕದ್ದಮೆಯಿಂದ ರಕ್ಷಣೆ ಇದೆ, ಚಿಕಿತ್ಸೆ ಪೂರ್ಣಗೊಳಿಸಬೇಕು. ಪೊಲೀಸರ ಭಯದಿಂದ ಚಿಕಿತ್ಸೆ ತಪ್ಪಿಸಬೇಕಾಗಿಲ್ಲ.

ಶಿಕ್ಷಕರಿಗೆ ಒಂದು ಮಾತು

ಮೇಲೆ ಹೇಳಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಒಂದು ವಸ್ತುವಿನ ಬಳಕೆ ಮಾತ್ರ ದೊಡ್ಡವರಿಗಿಂತ ಮಕ್ಕಳಲ್ಲಿ ಹೆಚ್ಚು ಕಂಡಿತು: ಮೂಸುವ ದ್ರಾವಕಗಳು. ಅಳಿಸುವ ವೈಟ್‌ನರ್, ಪಂಕ್ಚರ್ ಹಾಕುವ ಅಂಟು ಈ ಬಗೆಯವು. ಬಟ್ಟೆಯಲ್ಲಿ ರಾಸಾಯನಿಕ ವಾಸನೆ, ಮೂಗು ಬಾಯಿಗಳ ಸುತ್ತ ಗುಳ್ಳೆ, ತೂಕಡಿಕೆ ಕಂಡರೆ ಪ್ರಾರ್ಥನೆಯ ಸಾಲಿನಲ್ಲಿ ನಿಲ್ಲಿಸಿ ದಂಡಿಸಬೇಡಿ; ಪ್ರತ್ಯೇಕವಾಗಿ ಕರೆದು ಮಾತನಾಡಿಸಿ. ಶಾಲೆ ಬಿಟ್ಟ ಮಗು ಆ ಅಂಟಿಗೆ ಇನ್ನೂ ಹತ್ತಿರವಾಗುತ್ತದೆ. ಮಗುವಿಗೆ ಮದ್ಯ, ಮಾದಕ ಅಥವಾ ತಂಬಾಕು ಕೊಡುವುದು 2015ರ ಬಾಲ ನ್ಯಾಯ ಕಾಯ್ದೆಯಂತೆ ಏಳು ವರ್ಷದವರೆಗೆ ಶಿಕ್ಷೆಯಾಗಬಹುದಾದ ಅಪರಾಧ. ಮಕ್ಕಳ ಸಹಾಯವಾಣಿ 1098.

ಇನ್ನೊಂದು ಗುಂಪಿನ ಮಕ್ಕಳೂ ನಿಮ್ಮ ತರಗತಿಯಲ್ಲಿದ್ದಾರೆ. ಮನೆಯಲ್ಲಿ ಅಪ್ಪನ ಕುಡಿತದಿಂದ ರಾತ್ರಿ ನಿದ್ರೆಯಿಲ್ಲದೆ ಬಂದವರು, ಲೆಕ್ಕ ಮಾಡದೆ ಬಂದವರು, ‘ಕುಡುಕನ ಮಗ’ ಎಂದು ಕರೆಸಿಕೊಂಡವರು. ಹೆಸರಿಗೆ ಪರಿಣಾಮವಿದೆ. 2010ರಲ್ಲಿ ಜಾನ್ ಕೆಲ್ಲಿ ಮತ್ತು ಕಸ್ಸಾಂಡ್ರ ವೆಸ್ಟರ್‌ಹಾಫ್ 500ಕ್ಕೂ ಹೆಚ್ಚು ಮಾನಸಿಕ ಆರೋಗ್ಯ ತಜ್ಞರಿಗೆ ಒಬ್ಬನೇ ವ್ಯಕ್ತಿಯ ವಿವರವನ್ನು ಎರಡು ಬಗೆಯಾಗಿ ಕೊಟ್ಟರು. ಒಂದರಲ್ಲಿ ‘ಮಾದಕ ದುರ್ಬಳಕೆದಾರ’, ಇನ್ನೊಂದರಲ್ಲಿ ‘ಮಾದಕ ಬಳಕೆಯ ಕಾಯಿಲೆಯುಳ್ಳವ’. ಮೊದಲನೆಯದನ್ನು ಓದಿದ ತಜ್ಞರು, ತಪ್ಪು ಅವನದೇ, ಶಿಕ್ಷೆ ಸೂಕ್ತ ಎಂದು ಹೆಚ್ಚಾಗಿ ಒಪ್ಪಿದರು. ತಜ್ಞರ ಗತಿಯೇ ಹೀಗಾದರೆ ಊರಿನವರ ಮಾತೇನು? ‘ನಿಮ್ಮಪ್ಪನಿಗೆ ಕಾಯಿಲೆ ಇದೆ, ಅದು ನಿನ್ನ ತಪ್ಪಲ್ಲ, ಚಿಕಿತ್ಸೆ ಇದೆ’ – ಈ ಮೂರು ಸಣ್ಣ ವಾಕ್ಯಗಳನ್ನು ಒಂದು ಮಗುವಿಗೆ ಹೇಳಲು ಯಾವ ಉಪಕರಣವೂ ಬೇಡ.

ನಾವು ಎತ್ತಿಕೊಂಡ ಎರಡು ಊಹೆಗಳಲ್ಲಿ ಎರಡೂ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ವ್ಯಸನ ಸಂಕಲ್ಪದ ಕೊರತೆ ಮಾತ್ರವಲ್ಲ, ಮಿದುಳು ಬದಲಾದ ಸ್ಥಿತಿ. ಅವಮಾನ ಅದನ್ನು ಗುಣಪಡಿಸುವುದಿಲ್ಲ. ಒಡನಾಟ, ಚಿಕಿತ್ಸೆ ಮತ್ತು ತಾಳ್ಮೆ ಗುಣದ ಸಾಧ್ಯತೆಯನ್ನು ಹೆಚ್ಚಿಸುತ್ತವೆ. ಈ ಲೇಖನವನ್ನು ಓದಿ ಮುಗಿಸಿದ ಮೇಲೆ ನೀವು ಮಾಡಬಹುದಾದ ಮೊದಲ ಕೆಲಸ ಚಿಕ್ಕದು. 14416 ಎಂಬ ಸಂಖ್ಯೆಯನ್ನು ಶಾಲೆಯ ಫಲಕದ ಮೂಲೆಯಲ್ಲಿ ಬರೆಯಿರಿ. ಅದನ್ನು ಯಾವ ಮಗು ಯಾರ ಮನೆಗೆ ಒಯ್ಯುತ್ತದೆಯೋ ಹೇಳಲಾಗದು.